ಕುದುರೆಯಲ್ಲಿ ಒಂದು ಪಾಲು

ಪಾಲು ಎಂಬ ಮಾತು ನಮ್ಮ ಸೀಮೆಯವರಿಗೆ ಹೊಸದಲ್ಲ. ಕಲಬುರಗಿ, ಕಮಲಾಪುರಗಳ ಸುತ್ತಿನ ಹಳ್ಳಿಗಳಲ್ಲಿ ಹೊಲವನ್ನು ಪಾಲಿಗೆ ಮಾಡುತ್ತಾರೆ. ಆಡನ್ನು ಪಾಲಿಗೆ ಕೊಡುತ್ತಾರೆ. ಆಡಿನ ಒಡೆಯನೊಬ್ಬ, ಮೇಯಿಸುವವನು ಇನ್ನೊಬ್ಬ. ಈದ ಮರಿಗಳಲ್ಲಿ ಅರ್ಧ ಇವನಿಗೆ, ಅರ್ಧ ಅವನಿಗೆ. ಇದಕ್ಕೆ ಕಾಗದವಿಲ್ಲ, ಮುದ್ರೆಯಿಲ್ಲ. ಆದರೂ ವ್ಯವಹಾರ ನಡೆಯುತ್ತದೆ. ಏಕೆಂದರೆ ಆಡು ಇಬ್ಬರ ಕಣ್ಣೆದುರಿಗೂ ಇರುತ್ತದೆ, ಅದರ ಬೆಲೆ ಇಬ್ಬರಿಗೂ ಗೊತ್ತಿರುತ್ತದೆ. ಅದು ತಿನ್ನುವ ಸೊಪ್ಪಿಗೆ ಹೆಚ್ಚಿನ ಖರ್ಚಿಲ್ಲ. ಬೇಡವೆಂದ ದಿನ ಸಂತೆಗೆ ಹೊಡೆದುಕೊಂಡು ಹೋದರೆ ಕೊಳ್ಳುವವರಿದ್ದಾರೆ. ಪಾಲಿನ ವ್ಯವಹಾರ ಸುಸೂತ್ರವಾಗಿ ಸಾಗಲು ಈ ನಾಲ್ಕು ಅಂಶಗಳೂ ಬೇಕು.

ಈಗ ಇನ್ನೊಂದು ಬಗೆಯ ಪಾಲು ಮಾರಾಟಕ್ಕೆ ಬಂದಿದೆ. ಅದು ಪಂದ್ಯದ ಕುದುರೆಯಲ್ಲಿ ಪಾಲು. ಇಡೀ ಕುದುರೆಯನ್ನು ಕೊಳ್ಳುವುದು ಸಿರಿವಂತರ ಕೆಲಸ. ನಿಮ್ಮಂಥವರು, ನಮ್ಮಂಥವರು ಅದರ ಇಪ್ಪತ್ತನೆಯ ಒಂದು ಭಾಗವನ್ನೋ ನೂರನೆಯ ಒಂದು ಭಾಗವನ್ನೋ ಕೊಂಡು ಒಡೆಯರೆನಿಸಿಕೊಳ್ಳಬಹುದು. ಕುದುರೆ ಗೆದ್ದರೆ ಬಹುಮಾನದಲ್ಲಿ ನಿಮ್ಮ ಹಿಸ್ಸೆ ನಿಮಗೆ: ಹೀಗೆಂದು ಹೇಳಿಕೆ. ಕೇಳಲು ಇಂಪಾಗಿದೆ. ಇದರಲ್ಲಿ ಮೋಸವೇ ಇದೆಯೆಂದು ನಾನು ಹೇಳುವುದಿಲ್ಲ. ನ್ಯಾಯವಾಗಿ ನಡೆಯುವ ಪಾಲುಗಾರಿಕೆಗಳೂ ಉಂಟು. ಆದರೆ ನ್ಯಾಯವಾಗಿ ನಡೆದರೂ ಈ ವ್ಯವಹಾರದ ಸ್ವರೂಪ ಯಾವುದು, ಅದರಲ್ಲಿ ಹಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಿಳಿಯದೆ ಗಂಟನ್ನು ಬಿಚ್ಚುವುದು ಲೇಸಲ್ಲ. ಇಂದಿನ ಭಾಷಣದ ಉದ್ದೇಶ ಇಷ್ಟೆ.

ಕುದುರೆಗೆ ಸಂಸ್ಕೃತ ಕೋಶಗಳಲ್ಲಿ ಎಷ್ಟೊಂದು ಹೆಸರುಗಳಿವೆ! ಅಶ್ವ, ತುರಗ, ತುರಂಗಮ, ವಾಜಿ, ಹಯ, ಘೋಟಕ, ಸೈಂಧವ. ಇವುಗಳಲ್ಲಿ ಬಹುಪಾಲು ಅದರ ವೇಗವನ್ನು, ಬಲವನ್ನು ಕೊಂಡಾಡುವ ಹೆಸರುಗಳು. ಸೈಂಧವವೊಂದು ಅದು ಬಂದ ದೇಶವನ್ನು ಹೇಳುತ್ತದೆ. ಮೇವಿನ ಮಾತು ಮಾತ್ರ ಒಂದರಲ್ಲಿಯೂ ಇಲ್ಲ. ಹೆಸರಿಟ್ಟವರು ಓಟವನ್ನು ನೋಡಿದವರು. ಮೇವನ್ನು ಹಾಕಿದವರಲ್ಲವೆಂದು ತೋರುತ್ತದೆ. ಕುದುರೆಯ ಆರ್ಥಿಕ ತತ್ತ್ವವೆಲ್ಲ ಇರುವುದು ಈ ಮೇವಿನಲ್ಲಿಯೇ.

ಇದಕ್ಕೆ ನಮ್ಮ ಜಿಲ್ಲೆಯ ಚರಿತ್ರೆಯಲ್ಲಿಯೇ ನಿದರ್ಶನವಿದೆ. ಬಹಮನಿ ಸುಲ್ತಾನರ ರಾಜಧಾನಿ ಕಲಬುರಗಿಯಿಂದ ಬೀದರಿಗೆ ಹೋದ ಮೇಲೆ, ಸುಮಾರು 1470ರ ವೇಳೆಗೆ, ಅಫಾನಾಸಿ ನಿಕಿತಿನ್ ಎಂಬ ರಷ್ಯದ ವರ್ತಕನೊಬ್ಬ ಈ ಸೀಮೆಗೆ ಬಂದನು. ಹಿಂದುಸ್ಥಾನದಲ್ಲಿ ಕುದುರೆಗೆ ಒಳ್ಳೆಯ ಬೆಲೆಯುಂಟೆಂದು ಕೇಳಿ, ಒಂದೇ ಒಂದು ಗಂಡುಕುದುರೆಯನ್ನು ಹಡಗಿನಲ್ಲಿ ಹೇರಿಕೊಂಡು ಬಂದನು. ಅದಕ್ಕೆ ನೂರು ರೂಬಲು ಬಿದ್ದಿತ್ತು. ಜುನ್ನರಿನಲ್ಲಿ ಅಲ್ಲಿಯ ಖಾನನು ಕುದುರೆಯನ್ನು ಕಿತ್ತುಕೊಂಡನು. ಪುಣ್ಯಕ್ಕೆ ಖುರಾಸಾನದ ಗೃಹಸ್ಥನೊಬ್ಬ ನಡುವೆ ಬಂದು ಬಿಡಿಸಿಕೊಟ್ಟನು. ಕೊನೆಗೆ ಬೀದರಿನಲ್ಲಿ ಅದನ್ನು ಮಾರಿದನು. ಒಂದು ವರ್ಷ ಅದನ್ನು ಸಾಕಿದ್ದಕ್ಕೆ ತನಗೆ ತಗುಲಿದ ವೆಚ್ಚವನ್ನು ಆತ ತನ್ನ ಪ್ರವಾಸಕಥನದಲ್ಲಿ ಮರೆಯದೆ ಬರೆದಿಟ್ಟಿದ್ದಾನೆ: ಅರವತ್ತೆಂಟು ಫುತುನು, ಎಂದರೆ ಅಂದಿನ ನಾಣ್ಯ. ಈ ದೇಶದ ಜನ ಕುದುರೆಗೆ ಕಾಳುಗಳನ್ನೂ, ಸಕ್ಕರೆ ಎಣ್ಣೆ ಬೆರೆಸಿದ ಖಿಚಡಿಯನ್ನೂ ತಿನ್ನಿಸುತ್ತಾರೆಂದೂ ಆತ ಬರೆದಿದ್ದಾನೆ. ಅರಮನೆಯ ವೈಭವವನ್ನು ವರ್ಣಿಸುತ್ತಿರುವಾಗಲೂ ಈ ವರ್ತಕನಿಗೆ ಮೇವಿನ ಲೆಕ್ಕ ಮರೆಯಲಿಲ್ಲ.

ಅದೇ ನಿಕಿತಿನ್ ನಮ್ಮ ಆಳಂದದ ಜಾತ್ರೆಯನ್ನೂ ಕಂಡು ಬರೆದಿದ್ದಾನೆ. ಶೇಖ್ ಅಲಾವುದ್ದೀನರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ನಡೆಯುತ್ತಿದ್ದ ಆ ಜಾತ್ರೆಗೆ ಇಪ್ಪತ್ತು ಸಾವಿರದವರೆಗೆ ಕುದುರೆಗಳು ಮಾರಾಟಕ್ಕೆ ಬರುತ್ತಿದ್ದುವೆಂದು ಆತನ ಹೇಳಿಕೆ. ಇಂದು ಆಳಂದದ ಲಾಡ್ಲೆ ಮಶಾಯಖರ ದರ್ಗಾಕ್ಕೆ ಹೋಗುವವರಲ್ಲಿ ಎಷ್ಟು ಮಂದಿಗೆ ಈ ಸಂಗತಿ ಗೊತ್ತಿದೆಯೊ! ಅಂತೂ ಕುದುರೆಯ ವ್ಯಾಪಾರ ನಮ್ಮ ನೆಲಕ್ಕೆ ಹೊರಗಿನದಲ್ಲ.

ವಿಜಯನಗರದ ಕಡೆಗೆ ಹೋದರೆ ಇನ್ನೂ ಸ್ವಾರಸ್ಯವಾದ ಸಂಗತಿಯೊಂದು ಸಿಗುತ್ತದೆ. ಸಾಳುವ ನರಸಿಂಹನು ಹೊರ್ಮುಜ್, ಏಡನ್ ರೇವುಗಳಿಂದ ಕುದುರೆಗಳನ್ನು ತರಿಸುತ್ತಿದ್ದನು. ಸಮುದ್ರದಲ್ಲಿ ಎಷ್ಟೋ ಕುದುರೆಗಳು ಸಾಯುತ್ತಿದ್ದುವು. ವರ್ತಕರು ಹೆದರಿ ಬರುವುದನ್ನು ಬಿಟ್ಟಾರೆಂದು ಅರಸನು ಒಂದು ಉಪಾಯ ಮಾಡಿದನು. ದಾರಿಯಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕು, ಬದುಕಿ ಬಂದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನು. ಪೋರ್ತುಗೀಸ್ ವರ್ತಕ ನೂನಿಜ್ ಇದನ್ನು ಬರೆದಿದ್ದಾನೆ. ಇದನ್ನು ಓದಿದಾಗ ನಮಗೆ ಹೊಳೆಯಬೇಕಾದದ್ದು ಅರಸನ ಔದಾರ್ಯವಷ್ಟೇ ಅಲ್ಲ. ಕುದುರೆ ಎಂಬುದು ಸಾಯುವ ಸರಕು. ಅದರ ಸಾವಿನ ನಷ್ಟವನ್ನು ಯಾರಾದರೊಬ್ಬರು ಹೊರಲೇಬೇಕು. ಅಂದು ಅರಸನು ಹೊತ್ತನು. ಇಂದು ನೀವು ಪಾಲುಗಾರರಾದರೆ ಬಾಲವನ್ನು ಹಿಡಿದುಕೊಂಡು ನಿಲ್ಲುವವರು ನೀವೇ; ಕೊಳ್ಳುವ ಅರಸನಿಲ್ಲ.

ಇನ್ನು ಈಗಿನ ಪಂದ್ಯಗಳ ವಿಚಾರ. ನಮ್ಮ ರಾಜ್ಯದಲ್ಲಿ ಮೈಸೂರು ರೇಸ್ ಕ್ಲಬ್ಬು 1891ರಲ್ಲಿಯೂ ಬೆಂಗಳೂರು ಟರ್ಫ್ ಕ್ಲಬ್ಬು 1921ರಲ್ಲಿಯೂ ಹುಟ್ಟಿದವು. ನಮ್ಮ ಭಾಗದ ಹಿರಿಯರಿಗೆ ರೇಸು ಎಂದರೆ ನೆನಪಾಗುತ್ತಿದ್ದುದು ಬೆಂಗಳೂರಲ್ಲ, ಹೈದರಾಬಾದು. 1956ರವರೆಗೆ ಕಲಬುರಗಿ ಆ ಸಂಸ್ಥಾನ, ಆ ರಾಜ್ಯಕ್ಕೆ ಸೇರಿದ್ದಿತಷ್ಟೆ. ಆರನೆಯ ನಿಜಾಮರು 1886ರಲ್ಲಿ ರೇಸಿನ ಮೈದಾನವನ್ನು ಮಲಕಪೇಟೆಗೆ ತಂದರು. ಕುದುರೆಗಳನ್ನು ಬೆಳೆಸುವ ವಿಷಯಕ್ಕೆ ಬಂದರೆ ತುಮಕೂರು ಜಿಲ್ಲೆಯ ಕುಣಿಗಲ್ಲು ಹೆಸರಾದ ಸ್ಥಳ. ಟಿಪ್ಪು ಸುಲ್ತಾನನು ತನ್ನ ರಾವುತರ ದಂಡಿಗಾಗಿ ಅಲ್ಲಿ ಕುದುರೆಗಳನ್ನು ಸಾಕಿಸಿದನು. ಮುಂದೆ ಅದೇ ನೆಲ ಪಂದ್ಯದ ಕುದುರೆಗಳ ತೌರಾಯಿತು. 1992ರಲ್ಲಿ ಸರಕಾರವು ಅದನ್ನು ಮೂವತ್ತು ವರ್ಷದ ಗುತ್ತಿಗೆಗೆ ಖಾಸಗಿಯವರಿಗೆ ಕೊಟ್ಟಿತು. ಒಂದು ಕಾಲಕ್ಕೆ ರಾಜರು, ಜಾಗೀರದಾರರು ಸಾಕುತ್ತಿದ್ದ ಕುದುರೆ ಇದು. ರಾಜರ ಬೊಕ್ಕಸ ಬತ್ತಿದ ಮೇಲೆ ಉದ್ಯಮಿಗಳು ಬಂದರು; ಒಬ್ಬರಿಗೆ ಭಾರವಾದಾಗ ನಾಲ್ವರು ಸೇರಿದರು. ಪಾಲುಗಾರಿಕೆ ಬೆಳೆದದ್ದು ಹೀಗೆ.

ಪಾಲು ಎಂದರೆ ಇಲ್ಲಿ ಒಂದೇ ಅರ್ಥವಿಲ್ಲ. ನಾಲ್ಕು ಮಂದಿ ಸೇರಿ ಕುದುರೆಯನ್ನು ಕೊಂಡು, ನಾಲ್ವರ ಹೆಸರನ್ನೂ ಕ್ಲಬ್ಬಿನಲ್ಲಿ ದಾಖಲು ಮಾಡಿಸಿದರೆ ಅವರು ನಿಜವಾದ ಒಡೆಯರು. ಕ್ಲಬ್ಬಿನವರು ಕಂಡ ಕಂಡವರನ್ನು ಒಡೆಯರೆಂದು ಒಪ್ಪುವುದಿಲ್ಲ. ಅರ್ಜಿ, ವಿಚಾರಣೆ, ಮಂಜೂರಾತಿ ಇವೆಲ್ಲ ಉಂಟು. ಇನ್ನೊಂದು ಬಗೆಯಲ್ಲಿ ಕುದುರೆ ಒಂದು ಕೂಟದ ಅಥವಾ ಕಂಪನಿಯ ಹೆಸರಿನಲ್ಲಿರುತ್ತದೆ. ನಿಮಗೆ ಆ ಕೂಟದಲ್ಲಿ ಒಂದು ಅಂಶ. ಮೂರನೆಯ ಬಗೆಯಲ್ಲಿ ಕುದುರೆಯೇ ಬೇರೆಯವರದು. ಕೆಲವು ವರ್ಷ ಓಡಿಸುವುದಕ್ಕೆ ಮಾತ್ರ ಗುತ್ತಿಗೆ ಹಿಡಿದಿರುತ್ತಾರೆ. ಆ ಗುತ್ತಿಗೆಯಲ್ಲಿ ನಿಮಗೆ ಪಾಲು. ಮೂರನ್ನೂ ಜಾಹೀರಾತಿನಲ್ಲಿ ‘ನಿಮ್ಮ ಕುದುರೆ’ ಎಂದೇ ಕರೆಯುತ್ತಾರೆ. ಆದರೆ ಕುದುರೆಯನ್ನು ಮಾರಿದ ದಿನ ಮೊದಲನೆಯವನಿಗೆ ಬರುವ ಹಣ ಮೂರನೆಯವನಿಗೆ ಬರುವುದಿಲ್ಲ.

ಕೆಲವು ತಿಂಗಳ ಹಿಂದೆ ನಮ್ಮ ಮೋಮಿನಪುರದಲ್ಲಿಯೇ ಇರುವ ನಿವೃತ್ತ ನೌಕರರೊಬ್ಬರು ಒಂದು ಅಚ್ಚಾದ ಕಾಗದವನ್ನು ಹಿಡಿದುಕೊಂಡು ಮನೆಗೆ ಬಂದರು. ಮಗಳ ಮದುವೆಗೆಂದು ಇಟ್ಟ ಗಂಟಿನಲ್ಲಿ ಒಂದು ಲಕ್ಷ ರೂಪಾಯಿಯನ್ನು ತೆಗೆದು ಕುದುರೆಯಲ್ಲಿ ಇಪ್ಪತ್ತನೆಯ ಒಂದು ಪಾಲು ಕೊಳ್ಳಬೇಕೆಂದು ಬೆಂಗಳೂರಿನಲ್ಲಿರುವ ಅಣ್ಣನ ಮಗ ಹೇಳಿದ್ದನಂತೆ. ‘ಮಾಸ್ತರ್ರೀ, ನಮ್ಮ ಹುಡುಗ ಓದಿದಾಂವ ಇದ್ದಾನ. ಆದ್ರೂ ರೊಕ್ಕದ ಮಾತು ನೋಡ್ರಿ, ನೀವೊಮ್ಮೆ ಓದಿ ಹೇಳ್ರಿ’ ಎಂದರು. ನಾನು ಕನ್ನಡ ಪಾಠ ಹೇಳುವವನು, ಕುದುರೆಯ ಪಂಡಿತನಲ್ಲ. ಆದರೆ ಕೂಡುವ, ಕಳೆಯುವ, ಭಾಗಿಸುವ ಲೆಕ್ಕಕ್ಕೆ ಅಷ್ಟು ಪಾಂಡಿತ್ಯ ಬೇಕಾಗಿಲ್ಲ. ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಆ ಲೆಕ್ಕವನ್ನು ನಿಮಗೂ ಹೇಳುತ್ತೇನೆ. ಇಲ್ಲಿಯ ಅಂಕಿಗಳು ತಿಳಿವಳಿಕೆಗಾಗಿ ಇಟ್ಟುಕೊಂಡವು. ನಿಮ್ಮ ಕಾಗದದಲ್ಲಿ ಇರುವ ಅಂಕಿಗಳನ್ನು ಅವುಗಳ ಜಾಗದಲ್ಲಿಟ್ಟು ನೀವೇ ಮಾಡಿ ನೋಡಬಹುದು.

ಇಪ್ಪತ್ತು ಪಾಲು, ಒಂದೊಂದಕ್ಕೆ ಒಂದು ಲಕ್ಷ. ಎಂದಮೇಲೆ ಕುದುರೆಯ ಬೆಲೆ ಇಪ್ಪತ್ತು ಲಕ್ಷವೆಂದಾಯಿತು. ಅದನ್ನು ತಂದವರು ಹರಾಜಿನಲ್ಲಿ ಎಷ್ಟು ಕೊಟ್ಟು ತಂದರು ಎಂಬುದು ಮೊದಲ ಪ್ರಶ್ನೆ. ಹತ್ತು ಲಕ್ಷಕ್ಕೆ ತಂದಿದ್ದರೆ, ಕುದುರೆ ಒಂದು ಹೆಜ್ಜೆ ಓಡುವ ಮೊದಲೇ ನಿಮ್ಮ ಲಕ್ಷದಲ್ಲಿ ಅರ್ಧ ಮಾರಿದವರ ಕೈ ಸೇರಿತು. ಅದಿರಲಿ. ಕುದುರೆಯ ಲಾಯದ ಬಾಡಿಗೆ, ಹುಲ್ಲು, ಓಟ್ಸು, ಸೈಸನ ಸಂಬಳ, ನಾಲಬಂದನ ಕೂಲಿ, ವೈದ್ಯನ ಫೀಜು, ತರಬೇತುದಾರನ ಶುಲ್ಕ ಇವೆಲ್ಲ ಸೇರಿ ತಿಂಗಳಿಗೆ ಅರವತ್ತು ಸಾವಿರವೆಂದು ಇಟ್ಟುಕೊಳ್ಳಿ. ನಿಮ್ಮ ಪಾಲಿಗೆ ತಿಂಗಳಿಗೆ ಮೂರು ಸಾವಿರ. ವರ್ಷಕ್ಕೆ ಮೂವತ್ತಾರು ಸಾವಿರ. ಎರಡು ವರ್ಷಕ್ಕೆ ಎಪ್ಪತ್ತೆರಡು ಸಾವಿರ. ಕುದುರೆ ಓಡಿದರೂ ತಿನ್ನುತ್ತದೆ, ಓಡದಿದ್ದರೂ ತಿನ್ನುತ್ತದೆ. ಈಗ ನಿಮ್ಮ ಕೈಯಿಂದ ಹೋದದ್ದು 1,72,000 ರೂಪಾಯಿ.

ಬಂದದ್ದೆಷ್ಟು? ಕುದುರೆ ಎರಡು ವರ್ಷದಲ್ಲಿ ಆರು ಲಕ್ಷ ರೂಪಾಯಿಯ ಬಹುಮಾನ ಗಳಿಸಿತೆನ್ನಿ. ಗಳಿಸದೆಯೇ ಇರುವ ಕುದುರೆಗಳು ಎಷ್ಟೋ ಇರುವಾಗ ಇದು ಕೆಟ್ಟ ಗಳಿಕೆಯಲ್ಲ. ತರಬೇತುದಾರ, ಜಾಕಿ ಮೊದಲಾದವರ ಹಕ್ಕಿನ ಪಾಲು ಕಳೆದು ಐದು ಲಕ್ಷ ಉಳಿಯಿತು. ಅದರ ಇಪ್ಪತ್ತನೆಯ ಒಂದು ಭಾಗ ಇಪ್ಪತ್ತೈದು ಸಾವಿರ. ಕೊನೆಗೆ ಕುದುರೆಯನ್ನು ಎರಡು ಲಕ್ಷಕ್ಕೆ ಮಾರಿದರೆ ನಿಮಗೆ ಹತ್ತು ಸಾವಿರ. ಒಟ್ಟು 35,000. ಹೋದದ್ದರಲ್ಲಿ ಬಂದದ್ದನ್ನು ಕಳೆದರೆ 1,37,000 ರೂಪಾಯಿ ನಷ್ಟ. ಲಾಭ ಬೇಡ, ಕೊಟ್ಟದ್ದು ಕೊಟ್ಟಷ್ಟು ಹಿಂದಕ್ಕೆ ಬರಬೇಕಾದರೂ ಆ ಒಂದು ಕುದುರೆ, ಎಲ್ಲರ ಹಕ್ಕು ಕಳೆದು, ಮೂವತ್ತನಾಲ್ಕು ಲಕ್ಷ ನಲವತ್ತು ಸಾವಿರ ತರಬೇಕು. ಇದರಲ್ಲಿ ಯಾರೂ ಕದಿಯಲಿಲ್ಲ, ಯಾರೂ ಸುಳ್ಳು ಹೇಳಲಿಲ್ಲ ಎಂಬುದನ್ನು ಗಮನಿಸಿ. ಪ್ರಾಮಾಣಿಕವಾಗಿಯೇ ಈ ನಷ್ಟವಾಗುತ್ತದೆ.

ಹತ್ತು ಕುದುರೆಗಳು ಓಡಿದರೆ ಗೆಲ್ಲುವುದು ಒಂದು. ಉಳಿದ ಒಂಬತ್ತರಲ್ಲಿ ಎರಡು ಮೂರಕ್ಕೆ ಚಿಲ್ಲರೆ ಬಹುಮಾನ. ಮಿಕ್ಕವು ಬರಿಗೈಯಲ್ಲಿ ಲಾಯಕ್ಕೆ ಹಿಂದಿರುಗುತ್ತವೆ. ಆದರೆ ಹತ್ತಕ್ಕೂ ಅಂದು ಸಂಜೆ ಮೇವು ಬೇಕು. ಪಂದ್ಯಗಳಿಗೆ ಹೆಸರಾದ ಇಂಗ್ಲೆಂಡಿನಲ್ಲಿಯೂ ಒಡೆಯರೆಲ್ಲ ಸೇರಿ ಮಾಡುವ ವೆಚ್ಚದಲ್ಲಿ ಅಲ್ಪ ಭಾಗ ಮಾತ್ರ ಬಹುಮಾನದ ರೂಪದಲ್ಲಿ ಅವರಿಗೆ ಹಿಂದಿರುಗುತ್ತದೆ. ಅಲ್ಲಿಯವರು ಇದನ್ನು ವ್ಯಾಪಾರವೆಂದು ತಿಳಿಯದೆ ಹವ್ಯಾಸವೆಂದು ತಿಳಿದಿರುವುದರಿಂದ ವ್ಯಥೆಯಿಲ್ಲ.

ಪಾಲು ಚಿಕ್ಕದಾದಷ್ಟೂ ಅಪಾಯ ಚಿಕ್ಕದು ಎಂದು ನೀವು ಹೇಳಬಹುದು. ನಿಜ, ಆದರೆ ಚಿಕ್ಕ ಪಾಲಿನಲ್ಲಿ ಇನ್ನೊಂದು ಕಣ್ಣುಕಟ್ಟಿದೆ. ಅಮೆರಿಕದಲ್ಲಿ ‘ಆಥೆಂಟಿಕ್’ ಎಂಬ ಕುದುರೆಯ ನೂರು ಭಾಗದಲ್ಲಿ ಹನ್ನೆರಡೂವರೆ ಭಾಗವನ್ನು ಒಂದು ಕಂಪನಿಯವರು 12,500 ಚೂರುಗಳಾಗಿ ಮಾಡಿ, ಚೂರಿಗೆ 206 ಡಾಲರಿನಂತೆ ಮಾರಿದರು. ಐದು ಸಾವಿರಕ್ಕೂ ಹೆಚ್ಚು ಮಂದಿ ಕೊಂಡರು. ಆ ಕುದುರೆ 2020ರಲ್ಲಿ ಅಲ್ಲಿಯ ಅತಿ ಪ್ರಸಿದ್ಧವಾದ ಕೆಂಟಕಿ ಡರ್ಬಿಯನ್ನು ಗೆದ್ದಿತು. ಇದಕ್ಕಿಂತ ದೊಡ್ಡ ಅದೃಷ್ಟ ಬೇಕೆ? ಈಗ ಲೆಕ್ಕ ಮಾಡಿ. ಒಂದು ಚೂರು ಎಂದರೆ ಇಡೀ ಕುದುರೆಯ ಲಕ್ಷದಲ್ಲೊಂದು ಭಾಗ. ಗೆದ್ದ ಬಹುಮಾನ 18 ಲಕ್ಷ 60 ಸಾವಿರ ಡಾಲರು. ಲಕ್ಷದಿಂದ ಭಾಗಿಸಿದರೆ ಒಂದು ಚೂರಿಗೆ 18 ಡಾಲರು 60 ಸೆಂಟು. ಅದೂ ತರಬೇತುದಾರ, ಜಾಕಿಗಳ ಪಾಲನ್ನು ಕಳೆಯುವ ಮೊದಲು. ಗೆದ್ದ ಕುದುರೆಗೆ ಮುಂದೆ ತಳಿಯ ಬೆಲೆ ಬೇರೆ ಬರುತ್ತದೆಂಬುದು ನಿಜ. ಆದರೂ ದೇಶದ ಅತಿ ದೊಡ್ಡ ಪಂದ್ಯವನ್ನು ಗೆದ್ದ ದಿನ 206 ಡಾಲರು ಕೊಟ್ಟವನ ಲೆಕ್ಕಕ್ಕೆ ಸೇರಿದ್ದು ಇಷ್ಟು. 206ನ್ನು ಲಕ್ಷದಿಂದ ಗುಣಿಸಿ ನೋಡಿ; ಇಡೀ ಕುದುರೆಗೆ ಎರಡು ಕೋಟಿ ಆರು ಲಕ್ಷ ಡಾಲರು ಬೆಲೆ ಕಟ್ಟಿ ಕೊಂಡಂತಾಯಿತು. ಚೂರಿನ ಬೆಲೆ ಕಡಮೆಯೆಂದು ತೋರುವಾಗ ಗುಣಿಸುವುದನ್ನು ಮರೆಯುತ್ತೇವೆ. ಕಾಗದ ಕೈಗೆ ಬಂದೊಡನೆ ಮಾಡಬೇಕಾದ ಮೊದಲ ಕೆಲಸ ಈ ಗುಣಾಕಾರ.

ಬೆಲೆ ಹೆಚ್ಚಾದ ಮಾತ್ರಕ್ಕೆ ಕುದುರೆ ಓಡುವುದೆಂಬ ನಿಯಮವೂ ಇಲ್ಲ. 2006ರಲ್ಲಿ ಅಮೆರಿಕದ ಹರಾಜೊಂದರಲ್ಲಿ ‘ಗ್ರೀನ್ ಮಂಕಿ’ ಎಂಬ ಮರಿಗುದುರೆ ಒಂದು ಕೋಟಿ ಅರವತ್ತು ಲಕ್ಷ ಡಾಲರಿಗೆ ಹೋಯಿತು. ಅದು ಓಡಿದ್ದು ಮೂರು ಸಲ. ಗೆದ್ದದ್ದು ಒಮ್ಮೆಯೂ ಇಲ್ಲ. ಗಳಿಸಿದ್ದು ಹತ್ತು ಸಾವಿರ ಚಿಲ್ಲರೆ ಡಾಲರು. ಪಂದ್ಯದ ಕುದುರೆಗಳ ಗಂಡುಸಂತತಿಯ ಮೂಲವೆಲ್ಲ ಮೂರೇ ಗಂಡುಕುದುರೆಗಳಿಗೆ ಹೋಗಿ ಮುಟ್ಟುತ್ತದೆ. ಮುನ್ನೂರು ವರ್ಷಗಳ ವಂಶಾವಳಿಯನ್ನು ಅಷ್ಟು ಕಟ್ಟುನಿಟ್ಟಾಗಿ ಬರೆದಿಟ್ಟ ಜನಕ್ಕೇ ಯಾವ ಮರಿ ಓಡೀತೆಂದು ಹೇಳಲಾಗದೆ ಹೋದಾಗ, ಮುಖಪುಟದ ಚಿತ್ರವನ್ನು ನೋಡಿ ನಾವು ಹೇಳುವುದೆಂತು?

ಕುದುರೆಯ ಮೈಯ ಸ್ವಭಾವವನ್ನೂ ತಿಳಿದಿರಬೇಕು. ನಾಲ್ಕುನೂರೈವತ್ತು, ಐನೂರು ಕಿಲೊಗ್ರಾಮಿನ ದೇಹ. ಅದನ್ನು ಹೊರುವುದು ಬೆತ್ತದಂಥ ಕಾಲು. ಎರಡು ವರ್ಷ ತುಂಬುವುದರೊಳಗೇ ಓಟಕ್ಕೆ ಅಭ್ಯಾಸ ಮಾಡಿಸುತ್ತಾರೆ. ಕಾಲಿನ ನರ ಹರಿದರೆ ತಿಂಗಳುಗಟ್ಟಲೆ ಲಾಯದಲ್ಲಿ ನಿಲ್ಲಬೇಕು. ಮೂಳೆ ಮುರಿದರೆ ಬಹಳ ವೇಳೆ ಪ್ರಾಣವೇ ಹೋಗುತ್ತದೆ. ಕುದುರೆಗೆ ವಾಂತಿ ಮಾಡುವ ಶಕ್ತಿಯಿಲ್ಲ. ಆದ್ದರಿಂದ ಹೊಟ್ಟೆಶೂಲೆ ಬಂದರೆ ಒಂದೇ ರಾತ್ರಿಯಲ್ಲಿ ಮುಗಿದುಹೋಗುವುದುಂಟು. ಗ್ಲ್ಯಾಂಡರ್ಸ್ ಎಂಬ ಅಂಟುಬೇನೆ ತಗುಲಿತೆಂದು ಖಚಿತವಾದರೆ ಕಾನೂನಿನಂತೆ ಆ ಕುದುರೆಯನ್ನು ಕೊಲ್ಲಬೇಕು. ಸುತ್ತಿನ ಲಾಯಗಳಿಗೂ ದಿಗ್ಬಂಧನ.

ಇದಕ್ಕೆ ವಿಮೆಯಿದೆಯಲ್ಲ ಎಂದರೆ, ಇದೆ. ಆದರೆ ಯಾವುದಕ್ಕೆ ವಿಮೆ ಎಂಬುದನ್ನು ಓದಬೇಕು. ‘ಷೆರ್ಗಾರ್’ ಎಂಬ ಕುದುರೆ 1981ರಲ್ಲಿ ಇಂಗ್ಲೆಂಡಿನ ಡರ್ಬಿಯನ್ನು ಹತ್ತು ಕುದುರೆಯುದ್ದದ ಅಂತರದಿಂದ ಗೆದ್ದಿತು. ಅದರ ಒಡೆಯರಾದ ಆಗಾ ಖಾನರು ಅದನ್ನು ನಲವತ್ತು ಪಾಲು ಮಾಡಿ, ಆರನ್ನು ತಾವಿಟ್ಟುಕೊಂಡು, ಉಳಿದುದನ್ನು ಪಾಲಿಗೆ ಎರಡೂವರೆ ಲಕ್ಷ ಪೌಂಡಿನಂತೆ ಮಾರಿದರು. 1983ರ ಫೆಬ್ರವರಿ 8ರ ರಾತ್ರಿ ಮುಸುಕು ಹಾಕಿದವರು ಐರ್ಲೆಂಡಿನ ಲಾಯದಿಂದ ಅದನ್ನು ಅಪಹರಿಸಿದರು. ಇಂದಿನವರೆಗೆ ಕುದುರೆಯ ಮೂಳೆಯೂ ಸಿಕ್ಕಿಲ್ಲ. ಕಳವಿಗೂ ವಿಮೆ ಮಾಡಿಸಿದ್ದ ಪಾಲುಗಾರರಿಗೆ ಹಣ ಬಂದಿತು. ಸಾವಿಗೆ ಮಾತ್ರ ವಿಮೆ ಮಾಡಿಸಿದ್ದವರಿಗೆ ಕಂಪನಿ ಕೇಳಿದ ಪ್ರಶ್ನೆ ಒಂದೇ: ಕುದುರೆ ಸತ್ತಿತೆಂಬುದಕ್ಕೆ ಸಾಕ್ಷಿಯೇನು? ನಮ್ಮ ನರಸಿಂಹರಾಯನ ಬಾಲದ ಕತೆಯನ್ನು ಇಲ್ಲಿ ನೆನಸಿಕೊಳ್ಳಿ. ತೋರಿಸಲು ಬಾಲವೂ ಇಲ್ಲದೆ ಅವರು ಕೈಚೆಲ್ಲಿದರು.

ಕುದುರೆ ಗಟ್ಟಿಯಾಗಿದ್ದರೂ ಪಂದ್ಯವೇ ನಿಲ್ಲಬಹುದು. 2020ರಲ್ಲಿ ಕೊರೋನಾ ಪಿಡುಗು ಬಂದಾಗ ಎಲ್ಲ ಮೈದಾನಗಳೂ ಮುಚ್ಚಿದವು. 2024ರಲ್ಲಿ ಪರವಾನಗಿಯ ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ ಬೆಂಗಳೂರಿನ ಪಂದ್ಯಗಳು ಕೆಲವು ಕಾಲ ನಿಂತುವು. ಅದೇ ವರ್ಷ ಮದರಾಸಿನ ಗಿಂಡಿಯ ಮೈದಾನದ ನೆಲವನ್ನು ಅಲ್ಲಿಯ ಸರಕಾರ ವಶಪಡಿಸಿಕೊಂಡಿತು. ಮೈದಾನದ ಬಾಗಿಲು ಮುಚ್ಚಿದರೂ ಕುದುರೆಯ ಬಾಯಿ ಮುಚ್ಚುವುದಿಲ್ಲ. ತಿಂಗಳ ಕೊನೆಗೆ ಚೀಟಿ ಬಂದೇ ಬರುತ್ತದೆ.

ಕಾನೂನಿನ ಮಾತನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಕುದುರೆಯ ಪಂದ್ಯ ಕೇವಲ ಜೂಜಲ್ಲ, ಅದರಲ್ಲಿ ಕೌಶಲವಿದೆಯೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ತೀರ್ಪಿತ್ತಿದೆ. ಆದ್ದರಿಂದ ಕುದುರೆಯ ಒಡೆತನ ಕಾನೂನಿಗೆ ವಿರುದ್ಧವಲ್ಲ. ಆದರೆ 1932ರ ಪಾಲುಗಾರಿಕೆ ಅಧಿನಿಯಮದ ಪ್ರಕಾರ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುಗಾರನೂ ಪೂರ್ತಿಯಾಗಿ ಹೊಣೆ. ಲಾಭದಲ್ಲಿ ಇಪ್ಪತ್ತರಲ್ಲೊಂದು, ಸಾಲದಲ್ಲಿಯೂ ಇಪ್ಪತ್ತರಲ್ಲೊಂದು ಎಂದು ತಿಳಿಯಬಾರದು. ಉಳಿದವರು ಜಾರಿಕೊಂಡರೆ ಸಾಲಗಾರನು ನಿಮ್ಮ ಬಾಗಿಲನ್ನೇ ತಟ್ಟಬಹುದು. ತೆರಿಗೆಯಲ್ಲಿಯೂ ಕನಿಕರವಿಲ್ಲ. ಪಂದ್ಯದ ಕುದುರೆ ಸಾಕಿ ಆದ ನಷ್ಟವನ್ನು ಸಂಬಳದ ಅಥವಾ ಅಂಗಡಿಯ ಆದಾಯದಲ್ಲಿ ಕಳೆಯಗೊಡದೆ, ಕುದುರೆಯ ಆದಾಯದಲ್ಲಿಯೇ ಕಳೆಯಬೇಕೆಂದೂ, ಅದನ್ನು ನಾಲ್ಕು ವರ್ಷಕ್ಕಿಂತ ಮುಂದಕ್ಕೆ ಒಯ್ಯಬಾರದೆಂದೂ 1961ರ ಆದಾಯ ತೆರಿಗೆ ಅಧಿನಿಯಮವು ಕಟ್ಟು ಮಾಡಿತು. ಈ ವ್ಯವಹಾರದಲ್ಲಿ ನಷ್ಟವೇ ಸಾಮಾನ್ಯವೆಂಬುದನ್ನು ಕಾನೂನು ಮಾಡಿದವರು ಬಲ್ಲರೆಂದು ಇದರಿಂದ ತಿಳಿಯುತ್ತದೆ.

ಯಾರಾದರೂ ‘ವರ್ಷಕ್ಕೆ ಇಷ್ಟು ಖಚಿತ’ ಎಂದು ಹೇಳಿ ಕುದುರೆಯ ಪಾಲಿಗೆ ಹಣ ಕೇಳಿದರೆ, ಅಲ್ಲಿಗೆ ಮಾತನ್ನು ನಿಲ್ಲಿಸಿ. ಓಡುವ ಪ್ರಾಣಿಯಲ್ಲಿ ಖಚಿತವೆಂಬುದಿಲ್ಲ. ಹಲವರಿಂದ ಹಣ ಕೂಡಿಸಿ, ತಾವೇ ನಡೆಸಿ, ಲಾಭ ಕೊಡುತ್ತೇವೆನ್ನುವ ಯೋಜನೆಗಳು ಸೆಬಿ ಸಂಸ್ಥೆಯಲ್ಲಿ ದಾಖಲಾಗಬೇಕೆಂಬ ನಿಯಮವಿದೆ. ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸುವ ಕಾನೂನು 2019ರಲ್ಲಿ ಬಂದಿದೆ. ತಮಿಳುನಾಡಿನ ಈರೋಡು ಸೀಮೆಯಲ್ಲಿ ಈಮು ಹಕ್ಕಿಗಳನ್ನು ಸಾಕಿರಿ, ತಿಂಗಳಿಗೆ ಇಷ್ಟು ಕೊಡುತ್ತೇವೆ, ಹಕ್ಕಿಯನ್ನೂ ಕೊಂಡುಕೊಳ್ಳುತ್ತೇವೆ ಎಂದ ಕಂಪನಿಗಳು 2012ರಲ್ಲಿ ಮುಳುಗಿದಾಗ, ಹಣ ಹಾಕಿದ ರೈತರ ಕೈಯಲ್ಲಿ ಉಳಿದದ್ದು ಮೇವಿಲ್ಲದೆ ಒದ್ದಾಡುವ ಹಕ್ಕಿಗಳು. ಪ್ರಾಣಿಯ ಹೆಸರು ಬದಲಾದರೂ ಮಾತಿನ ಮಾದರಿ ಅದೇ.

ಇಷ್ಟು ಕೇಳಿದ ಮೇಲೆ, ಹಾಗಾದರೆ ಪಾಲು ಕೊಂಡವರೆಲ್ಲ ಮೂಢರೇ ಎಂದು ಕೇಳುವಿರಿ. ಅಲ್ಲ. ವೇಲ್ಸ್ ದೇಶದ ಗಣಿ ಸೀಮೆಯ ಹಳ್ಳಿಯೊಂದರಲ್ಲಿ ಕ್ಲಬ್ಬಿನಲ್ಲಿ ಗ್ಲಾಸು ತುಂಬುವ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬಳು 350 ಪೌಂಡಿಗೆ ಒಂದು ಹೆಣ್ಣುಕುದುರೆಯನ್ನು ಕೊಂಡು, ಅದರ ಮರಿಯನ್ನು ತರಕಾರಿ ಬೆಳೆಯುವ ತುಂಡುನೆಲದಲ್ಲಿ ಸಾಕಿದಳು. ಊರಿನ ಇಪ್ಪತ್ತಮೂರು ಮಂದಿ ಸೇರಿ ವಾರಕ್ಕೆ ತಲೆಗೆ ಹತ್ತು ಪೌಂಡು ಕೊಟ್ಟರು. ವರ್ಷಕ್ಕೆ ಹನ್ನೆರಡು ಸಾವಿರ ಪೌಂಡಿನಷ್ಟಾಯಿತು. ‘ಡ್ರೀಮ್ ಅಲಯನ್ಸ್’ ಎಂದು ಮರಿಗೆ ಹೆಸರಿಟ್ಟರು. 2008ರಲ್ಲಿ ಅದರ ಕಾಲಿನ ನರ ಕತ್ತರಿಸಿಹೋಯಿತು. ಕೊಂದುಬಿಡಬಹುದಾಗಿತ್ತು, ಆದರೆ ಅದೇ ಗಳಿಸಿದ್ದ ಹಣದಿಂದ ಅದಕ್ಕೆ ಚಿಕಿತ್ಸೆ ಮಾಡಿಸಿದರು. 2009ರ ಡಿಸೆಂಬರಿನಲ್ಲಿ ಅದು ವೆಲ್ಷ್ ನ್ಯಾಷನಲ್ ಪಂದ್ಯವನ್ನು ಗೆದ್ದಿತು. ಒಟ್ಟು ಸುಮಾರು 1,38,000 ಪೌಂಡು ಬಹುಮಾನ. ಖರ್ಚೆಲ್ಲ ಹೋಗಿ ಒಬ್ಬೊಬ್ಬರಿಗೆ ಕೊನೆಗೆ ದಕ್ಕಿದ್ದು ಸುಮಾರು 1,400 ಪೌಂಡು. ವರ್ಷಗಟ್ಟಲೆ ಕಾದು, ಅತ್ಯಂತ ಅದೃಷ್ಟವಂತರಾದವರ ಗಳಿಕೆ ಇದು! ಆದರೆ ಅವರು ಅದಕ್ಕಾಗಿ ಹಣ ಹಾಕಿದವರಲ್ಲ. ವಾರಕ್ಕೆ ಹತ್ತು ಪೌಂಡು ಹೋದರೆ ಹೋಯಿತೆಂದು ಹಾಕಿದವರು. ಹೋದರೂ ಮನೆಯ ಒಲೆ ಆರುತ್ತಿರಲಿಲ್ಲ.

ಅಮೆರಿಕದಲ್ಲಿಯೂ ಒಂದೂರಿನ ಗೆಳೆಯರು ಮೊದಲು ತಲೆಗೆ ಐದು ಸಾವಿರ ಡಾಲರು ಹಾಕಿ ಕುದುರೆ ಸಾಕಲು ಹೊರಟು, ಮುಂದೆ 75,000 ಡಾಲರಿಗೆ ಕೊಂಡ ‘ಫನಿ ಸೈಡ್’ 2003ರಲ್ಲಿ ಕೆಂಟಕಿ ಡರ್ಬಿಯನ್ನು ಗೆದ್ದಿತು. ಒಡೆಯರು ಶಾಲೆಯ ಹಳದಿ ಬಸ್ಸಿನಲ್ಲಿ ಮೈದಾನಕ್ಕೆ ಬಂದಿಳಿದರು. ಆದರೆ ಅದು ಬೀಜ ಒಡೆದ ಕುದುರೆ. ತಳಿಗೆ ಮಾರಿ ಕೋಟಿಗಟ್ಟಲೆ ಪಡೆಯುವ ಭಾಗ್ಯ ಅವರಿಗಿರಲಿಲ್ಲ. ನೀವು ಪಾಲು ಕೊಳ್ಳುವ ಕುದುರೆ ಗಂಡೋ, ಹೆಣ್ಣೋ, ಬೀಜ ಒಡೆದದ್ದೋ ಎಂಬುದನ್ನು ಕೇಳಬೇಕಾದದ್ದು ಇದಕ್ಕೇ.

ಮೋಮಿನಪುರದ ಆ ಗೃಹಸ್ಥರಿಗೆ ನಾನು ‘ಕೊಳ್ಳಿರಿ’ ಎಂದೂ ಹೇಳಲಿಲ್ಲ, ‘ಬೇಡ’ ಎಂದೂ ಹೇಳಲಿಲ್ಲ. ಏಳು ಪ್ರಶ್ನೆಗಳನ್ನು ಬರೆದುಕೊಟ್ಟೆ. ಕುದುರೆ ಕ್ಲಬ್ಬಿನ ದಾಖಲೆಯಲ್ಲಿ ಯಾರ ಹೆಸರಿನಲ್ಲಿದೆ? ಅದನ್ನು ಎಷ್ಟಕ್ಕೆ ತಂದಿರಿ? ತಿಂಗಳ ಖರ್ಚು ಎಷ್ಟು, ನಾನು ಒಂದು ತಿಂಗಳು ಕೊಡದಿದ್ದರೆ ನನ್ನ ಪಾಲು ಏನಾಗುತ್ತದೆ? ವಿಮೆ ಯಾವುದಕ್ಕೆ, ಯಾರ ಹೆಸರಿಗೆ? ಬಹುಮಾನದ ಹಣ ಯಾರ ಖಾತೆಗೆ ಬರುತ್ತದೆ, ಲೆಕ್ಕ ಯಾವಾಗ ತೋರಿಸುತ್ತೀರಿ? ನನಗೆ ಬೇಡವಾದಾಗ ಈ ಪಾಲನ್ನು ಯಾರು, ಯಾವ ಬೆಲೆಗೆ ಕೊಳ್ಳುತ್ತಾರೆ? ಓಟ ಮುಗಿದ ಮೇಲೆ ಕುದುರೆಯನ್ನು ಯಾರು ಸಾಕುತ್ತಾರೆ? ಈ ಏಳನ್ನೂ ಅಣ್ಣನ ಮಗನಿಗೆ ಕಳುಹಿಸಿದರು. ಹದಿನೈದು ದಿನದ ಮೇಲೆ ಎರಡಕ್ಕೆ ಮಾತ್ರ ಉತ್ತರ ಬಂದಿತು. ಉಳಿದ ಐದಕ್ಕೆ ‘ಬಂದು ಮಾತನಾಡಿ’ ಎಂದಿದ್ದರಂತೆ. ಅವರು ಹೋಗಲಿಲ್ಲ. ಮಗಳ ಮದುವೆ ಆಷಾಢ ಮುಗಿಯುವ ಹೊತ್ತಿಗೆ ಗೊತ್ತಾಗಿದೆ.

ಆ ಏಳನೆಯ ಪ್ರಶ್ನೆಯ ವಿಷಯದಲ್ಲಿ ಒಂದು ಮಾತು. ಕುದುರೆ ಇಪ್ಪತ್ತೈದು, ಮೂವತ್ತು ವರ್ಷ ಬದುಕುವ ಪ್ರಾಣಿ. ಪಂದ್ಯದಲ್ಲಿ ಓಡುವುದು ಮೂರು ನಾಲ್ಕು ವರ್ಷ. ಉಳಿದ ಇಪ್ಪತ್ತು ವರ್ಷ ಅದು ಎಲ್ಲಿ ಹುಲ್ಲು ತಿನ್ನುತ್ತದೆ? ಜಾಹೀರಾತಿನ ಚಿತ್ರದಲ್ಲಿ ಹೊಳೆಯುವ ಮೈಯುಳ್ಳ ಕುದುರೆಯೇ ಮುಂದೊಂದು ದಿನ ಪಕ್ಕೆಲುಬು ಕಾಣಿಸುತ್ತ ಮದುವೆಯ ಮೆರವಣಿಗೆಯಲ್ಲಿ ಪಟಾಕಿಯ ಸದ್ದಿಗೆ ಬೆದರುತ್ತಿರಬಹುದು. ಇಪ್ಪತ್ತು ಮಂದಿ ಒಡೆಯರಿದ್ದಾಗ ಗೆಲುವಿನ ಚಿತ್ರದಲ್ಲಿ ಇಪ್ಪತ್ತು ಮಂದಿಯೂ ನಿಲ್ಲುತ್ತಾರೆ. ಮುಪ್ಪಿನ ಮೇವಿಗೆ ಒಬ್ಬನೂ ನಿಲ್ಲದಿರಬಹುದು. ಆಡನ್ನು ಪಾಲಿಗೆ ಕೊಡುವ ನಮ್ಮ ಹಳ್ಳಿಗರು ಆಡಿಗೆ ರೋಗ ಬಂದರೆ ಯಾರು ನೋಡಬೇಕೆಂಬುದನ್ನು ಮೊದಲೇ ಆಡಿಕೊಂಡಿರುತ್ತಾರೆ. ಆ ವಿವೇಕ ನಮಗೂ ಬೇಕು.

ಕುದುರೆಯ ಓಟ ನೋಡಲು ಸುಂದರವಾದದ್ದು, ಅದರಲ್ಲಿ ಸಂದೇಹವಿಲ್ಲ. ನಿಮಗೆ ಅದು ಇಷ್ಟವಾದರೆ, ಕೈಯಲ್ಲಿ ಹೆಚ್ಚಿನ ಹಣವಿದ್ದರೆ, ನಾಟಕಕ್ಕೋ ಯಾತ್ರೆಗೋ ಖರ್ಚು ಮಾಡುವಂತೆ ಇದಕ್ಕೂ ಸ್ವಲ್ಪ ಖರ್ಚು ಮಾಡಿರಿ; ಕೊಟ್ಟ ದಿನವೇ ಅದು ಖರ್ಚೆಂದು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದುಬಿಡಿ. ಮಕ್ಕಳ ಓದಿನ ಹಣ, ಮದುವೆಯ ಹಣ, ಕಾಯಿಲೆಗೆಂದು ಕೂಡಿಟ್ಟ ಹಣ, ನಿವೃತ್ತಿಯಲ್ಲಿ ಬಂದ ಗಂಟು ಇವು ಓಡುವ ಕಾಲುಗಳ ಮೇಲೆ ಇಡತಕ್ಕವಲ್ಲ. ಕುದುರೆ ಕಂಡರೆ ಕಾಲುನೋವು ಎಂದು ಗಾದೆ. ಕುದುರೆಯ ಪಾಲಿನ ಕಾಗದ ಕಂಡಾಗ ಕಾಲು ನೋಯುವುದಕ್ಕೆ ಮೊದಲು ಒಂದು ಸೀಸದಕಡ್ಡಿಯನ್ನು ಕೈಗೆ ತೆಗೆದುಕೊಂಡು ಗುಣಿಸಿ ನೋಡಿರೆಂದು ಬೇಡಿಕೊಂಡು ಈ ಭಾಷಣವನ್ನು ಮುಗಿಸುತ್ತೇನೆ.